ಬಂಡೆಯ ಬಿರುಕನ್ನು ಅಳೆದ ಕಾರ್ಲ್ ಟೆರ್ಜಾಘಿ

ಚಾಮರಾಜನಗರ ಜಿಲ್ಲೆಯ ಹೂಗ್ಯಂ ಸುತ್ತಲಿನ ಬೆಟ್ಟಗಳನ್ನು ಕಂಡವರಿಗೆ ಬಂಡೆಗಿಂತ ಭದ್ರವಾದುದು ಬೇರೊಂದಿಲ್ಲ ಎನಿಸುವುದು ಸಹಜ. ಆದರೆ ಬಂಡೆಯನ್ನು ಕೊರೆದು ಸುರಂಗ ನಿರ್ಮಿಸುವಾಗ ಕಲ್ಲಿನ ಗಟ್ಟಿತನಕ್ಕಿಂತ ಅದರೊಳಗಿನ ಬಿರುಕುಗಳೇ ನಿರ್ಣಾಯಕ. ಈ ಸತ್ಯವನ್ನು ಎಂಜಿನಿಯರುಗಳಿಗೆ ಲೆಕ್ಕದ ರೂಪದಲ್ಲಿ ಕೊಟ್ಟವರು ಕಾರ್ಲ್ ಟೆರ್ಜಾಘಿ.

1883ರ ಅಕ್ಟೋಬರ್ 2ರಂದು ಪ್ರಾಗ್ ನಗರದಲ್ಲಿ ಜನಿಸಿದ ಟೆರ್ಜಾಘಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಒಲವು ಮಾತ್ರ ಭೂವಿಜ್ಞಾನದತ್ತ ಇತ್ತು. 1916ರಲ್ಲಿ ಇಸ್ತಾಂಬುಲ್‌ಗೆ ಅಧ್ಯಾಪಕರಾಗಿ ತೆರಳಿದ ಅವರು, ಸಿಗಾರ್ ಪೆಟ್ಟಿಗೆಯಂತಹ ಕೈಗೆ ಸಿಕ್ಕ ವಸ್ತುಗಳಿಂದಲೇ ಉಪಕರಣ ತಯಾರಿಸಿ ಮಣ್ಣಿನ ಪರೀಕ್ಷೆ ನಡೆಸಿದರು. 1925ರಲ್ಲಿ ಪ್ರಕಟವಾದ ಅವರ ಗ್ರಂಥ ಆಧುನಿಕ ಮಣ್ಣುವಿಜ್ಞಾನ ಎಂಜಿನಿಯರಿಂಗ್‌ಗೆ ಬುನಾದಿಯಾಯಿತು.

ಹಿಟ್ಲರ್ ಆಸ್ಟ್ರಿಯಾವನ್ನು ವಶಪಡಿಸಿಕೊಂಡ 1938ರಲ್ಲೇ ಅವರು ವಿಯೆನ್ನಾ ತೊರೆದು ಅಮೆರಿಕದ ಹಾರ್ವರ್ಡ್ ಸೇರಿದರು. ಶಿಕಾಗೊ ನಗರದ ಮೆದು ಜೇಡಿಮಣ್ಣಿನಡಿ ರೈಲು ಸುರಂಗ ತೋಡುವಾಗ ಸಲಹೆಗಾರರಾಗಿ, ನೆಲದ ಕುಸಿತವನ್ನು ನಿತ್ಯವೂ ಅಳೆಯುವ ಪದ್ಧತಿಯನ್ನು ರೂಢಿಗೆ ತಂದರು.

1946ರಲ್ಲಿ ಅವರು ಬಂಡೆಯನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿದರು. ಬಿರುಕಿಲ್ಲದ ಗಟ್ಟಿ ಬಂಡೆಯಿಂದ ಸುರಂಗದ ಆಸರೆಯ ಮೇಲೆ ಬೀಳುವ ಭಾರ ಶೂನ್ಯ. ಪೂರ್ತಿ ನುಚ್ಚಾದ ಬಂಡೆಯಾದರೆ, ಸುರಂಗದ ಅಗಲ ಹಾಗೂ ಎತ್ತರವನ್ನು ಕೂಡಿದ ಮೊತ್ತದ 1.1 ಪಟ್ಟು ಎತ್ತರದಷ್ಟು ಕಲ್ಲು ಆಸರೆಯ ಮೇಲೆ ಕೂರುತ್ತದೆ ಎಂಬುದು ಅವರ ಲೆಕ್ಕ. ಎಷ್ಟು ಉಕ್ಕಿನ ಕಮಾನು ಬೇಕೆಂಬುದನ್ನು ಅಂದಾಜಿನ ಬದಲು ಈ ಲೆಕ್ಕದಿಂದ ನಿರ್ಧರಿಸಬಹುದಾಯಿತು.

1963ರ ಅಕ್ಟೋಬರ್ 25ರಂದು ಟೆರ್ಜಾಘಿ ನಿಧನರಾದರು. ಅವರು ಹಾಕಿದ ದಾರಿ ಮುಂದುವರಿಯಿತು. ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ 10 ಸೆಂ.ಮೀ.ಗಿಂತ ಉದ್ದದ ತುಂಡುಗಳ ಪಾಲು ಎಷ್ಟೆಂದು ಶೇಕಡಾವಾರು ಲೆಕ್ಕ ಹಾಕುವ ಕ್ರಮವನ್ನು ಡಾನ್ ಡೀರ್ ರೂಪಿಸಿದರು. ಶೇ 90 ದಾಟಿದರೆ ಉತ್ತಮ ಬಂಡೆ. ಶೇ 25ಕ್ಕಿಂತ ಕಡಿಮೆಯಾದರೆ ಅಪಾಯ. 1973 ಮತ್ತು 1974ರಲ್ಲಿ ಬಂದ ಬೀನಿಯಾವ್‌ಸ್ಕಿ ಹಾಗೂ ಬಾರ್ಟನ್ ಅವರ ಪದ್ಧತಿಗಳು ಬಿರುಕಿನ ಒರಟುತನ, ಒಸರುವ ನೀರನ್ನೂ ಗಣನೆಗೆ ತೆಗೆದುಕೊಂಡವು.

ಕರ್ನಾಟಕಕ್ಕೂ ಈ ವಿದ್ಯೆ ಹೊಸದಲ್ಲ. ಬಂಡೆ ಸಿಡಿತಕ್ಕೆ ಕುಖ್ಯಾತವಾಗಿದ್ದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು. ಬೆಂಗಳೂರಿನ ನೆಲದಡಿ ಗಟ್ಟಿ ಬಂಡೆ, ಶಿಥಿಲ ಕಲ್ಲು, ಮಣ್ಣು ಅಡಿ ಅಡಿಗೂ ಬದಲಾಗುತ್ತವೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಮೆಟ್ರೊ ಸುರಂಗ ಮಾರ್ಗದ ಮೇಲೆ ರಸ್ತೆ ಕುಸಿದು ಬೈಕ್ ಸವಾರರೊಬ್ಬರು ಗಾಯಗೊಂಡಿದ್ದರು. ಯಂತ್ರ ಎಷ್ಟೇ ದೊಡ್ಡದಿರಲಿ, ಮುಂದಿನ ನೆಲ ಎಂತಹದೆಂದು ಮೊದಲೇ ಅರಿಯಬೇಕೆಂಬ ಟೆರ್ಜಾಘಿಯ ಪಾಠ ಇಂದಿಗೂ ಪ್ರಸ್ತುತ.