ನೆರಳು ನೋಡಿ ಒಳಗನ್ನು ಹೇಳಿದ ಜಿ.ಎನ್. ರಾಮಚಂದ್ರನ್

ಚಿತ್ತವಾಡ್ಗಿಯಲ್ಲಿ ನಮ್ಮ ಗೆಳೆಯನ ಪಕ್ಕದ ಮನೆ ಹುಡುಗನಿಗೆ ಐದು ವರ್ಷ. ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಹೋದ ತಿಂಗಳು ಫಿಟ್ಸ್ ಬಂತು ಅಂತ ತಲೆಗೆ ಸಿಟಿ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. ಅವನ ತಾಯಿ ಆ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನಮ್ಮನ್ನು ಎರಡು ಪ್ರಶ್ನೆ ಕೇಳಿದರು. ತಲೆ ಕೊಯ್ಯದೆ ಒಳಗಿನದು ಹೆಂಗೆ ಕಾಣ್ತದೆ? ಎಲ್ಲಾ ಸರಿ ಇದ್ದರೆ ಮಗ ಯಾಕೆ ಮಾತಾಡಲ್ಲ? ಇಂಜಿನಿಯರಿಂಗ್ ಓದೋ ನಾವು ಎರಡಕ್ಕೂ ಸುಮ್ಮನೆ ನಿಂತೆವು. ಮೊದಲನೇ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕ ಹೆಸರು ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಗಣಿತದ ಮೇಷ್ಟ್ರು, ಮಗನಿಗೆ ಮನೆಯಲ್ಲೇ ಗಣಿತದ ರುಚಿ ಹತ್ತಿಸಿದರು. 1942ರಲ್ಲಿ ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದರು. ಸೇರಿದ್ದು ಯಾವ ಬ್ರ್ಯಾಂಚ್ ಗೊತ್ತಾ? ಎಲೆಕ್ಟ್ರಿಕಲ್ ಇಂಜಿನಿಯರಿಂಗ್! ಆದರೆ ಮನಸ್ಸು ಫಿಸಿಕ್ಸ್ ಕಡೆ ಎಳೆಯಿತು, ಅಲ್ಲಿದ್ದ ಸಿ.ವಿ. ರಾಮನ್ ಈ ಹುಡುಗನನ್ನು ತಮ್ಮ ವಿಭಾಗಕ್ಕೆ ಕರೆದುಕೊಂಡರು. ಅಲ್ಲಿಂದ ಎಕ್ಸ್-ರೇ ಅವರ ಕೈ ಬಿಡಲಿಲ್ಲ. ಕೇಂಬ್ರಿಡ್ಜ್‌ಗೆ ಹೋಗಿ 1949ರಲ್ಲಿ ಪಿಎಚ್‌ಡಿ ಪಡೆದರು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಫಿಸಿಕ್ಸ್ ಪ್ರೊಫೆಸರ್ ಆದರು.

ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ, ನಮ್ಮ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಮೂರೆಳೆಯ ಜಡೆಯಂತೆ ಹೆಣೆದುಕೊಂಡಿದೆ ಎಂದು ತೋರಿಸಿದರು. 1963ರಲ್ಲಿ ಬಂದ ರಾಮಚಂದ್ರನ್ ಪ್ಲಾಟ್ ಅನ್ನು ಬಯೋಟೆಕ್ ಓದುವವರು ಇವತ್ತಿಗೂ ಬರೆಯುತ್ತಾರೆ. ಆಮೇಲೆ ಬೆಂಗಳೂರಿಗೆ ವಾಪಸ್ ಬಂದು, ತಾವು ಓದಿದ ಸಂಸ್ಥೆಯಲ್ಲೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು.

ಈಗ ಆ ತಾಯಿಯ ಮೊದಲ ಪ್ರಶ್ನೆಗೆ ಬರೋಣ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ತಲೆಕೆಳಗಾದ ನೆರಳು ಗೋಡೆ ಮೇಲೆ ಬೀಳೋದನ್ನು ನಾವೆಲ್ಲ ನೋಡಿದ್ದೇವೆ. ಅದರಿಂದ ಗೋಪುರದ ಹೊರಗಿನ ಆಕಾರ ಗೊತ್ತಾಗುತ್ತೆ, ಒಳಗೇನಿದೆ ಅಂತ ಗೊತ್ತಾಗಲ್ಲ. ಎಕ್ಸ್-ರೇ ನೆರಳಿನಲ್ಲಿ ಒಳಗಿನದೂ ಇರುತ್ತೆ, ಆದರೆ ಹಿಂದಿನದು ಮುಂದಿನದು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತೆ. ಅದಕ್ಕೇ ತಲೆಯ ಸುತ್ತ ಬೇರೆ ಬೇರೆ ಕೋನದಿಂದ ನೆರಳು ತೆಗೀಬೇಕು. ಪ್ರತಿ ನೆರಳನ್ನೂ ಅದು ಬಂದ ದಾರಿಯಲ್ಲೇ ವಾಪಸ್ ಹರಡಿದರೆ ಚಿತ್ರ ಮೂಡುತ್ತೆ, ಆದರೆ ನೀರು ಬಿದ್ದ ರಂಗೋಲಿ ಥರ ಮಸುಕು. ಇದನ್ನು ಸರಿಮಾಡಲು ಫೂರಿಯರ್ ಟ್ರಾನ್ಸ್‌ಫಾರ್ಮ್ ದಾರಿ ಇತ್ತು. ಆದರೆ ಅಂದಿನ ಕಂಪ್ಯೂಟರ್‌ಗಳಿಗೆ ಅದು ಭಾರೀ ಲೆಕ್ಕ.

1971ರ ಸೆಪ್ಟೆಂಬರ್‌ನಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಪೇಪರ್ ಪ್ರಕಟಿಸಿದರು. ನೆರಳನ್ನು ಹರಡುವ ಮೊದಲು ಒಂದು ಫಂಕ್ಷನ್ ಜೊತೆ ಕನ್ವಲ್ಯೂಷನ್ ಮಾಡಿದರೆ ಸಾಕು, ಮಸುಕು ಹೋಗುತ್ತೆ, ಲೆಕ್ಕವೂ ಬೇಗ ಮುಗಿಯುತ್ತೆ ಅಂತ ತೋರಿಸಿದರು. ಹೌದು, ನಾವು ಇಂಟರ್ನಲ್ಸ್‌ಗೆ ಬೈಹಾರ್ಟ್ ಮಾಡಿ ಮರೆಯುವ ಅದೇ ಕನ್ವಲ್ಯೂಷನ್! ರೇಡಿಯೋ ಖಗೋಳದವರು ಇಂಥ ಲೆಕ್ಕವನ್ನು ಮೊದಲೇ ಮಾಡಿದ್ದರು. ಎಕ್ಸ್-ರೇ ಚಿತ್ರಕ್ಕೆ ಅದನ್ನು ತಂದವರು ಇವರು.

ಮರು ತಿಂಗಳೇ, ಅಕ್ಟೋಬರ್ 1ರಂದು, ಲಂಡನ್‌ನ ಆಸ್ಪತ್ರೆಯೊಂದರಲ್ಲಿ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮಾಡಿದ ಯಂತ್ರ ಮೊದಲ ಸಲ ಒಬ್ಬ ರೋಗಿಯ ಮೆದುಳಿನ ಸಿಟಿ ಸ್ಕ್ಯಾನ್ ತೆಗೆಯಿತು. ಹೌನ್ಸ್‌ಫೀಲ್ಡ್ ಲೆಕ್ಕದ ದಾರಿ ಬೇರೆ ಇತ್ತು, ಆದರೆ ಆಮೇಲಿನ ಯಂತ್ರಗಳು ಕನ್ವಲ್ಯೂಷನ್ ದಾರಿಗೇ ಬಂದವು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ರಾಮಚಂದ್ರನ್‌ಗೆ ಯಾವ ಕೆಲಸಕ್ಕೂ ನೊಬೆಲ್ ಬರಲಿಲ್ಲ. ಆದರೆ ನಮ್ಮ ಲ್ಯಾಬ್‌ನ ಮ್ಯಾಟ್‌ಲ್ಯಾಬ್‌ನಲ್ಲಿ ಐರೇಡಾನ್ ಅಂತ ಕೊಟ್ಟು ನೋಡಿ, ನೀವು ಬೇರೇನೂ ಹೇಳದಿದ್ದರೆ ಅದು ತಾನಾಗಿ ಬಳಸುವ ಫಿಲ್ಟರ್ ರಾಮ್-ಲಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್ ಇಬ್ಬರೂ ಆ ಹೆಸರಲ್ಲಿದ್ದಾರೆ.

ಕೊನೆಯ ವರ್ಷಗಳು ಕಷ್ಟದವು. ಮೆದುಳಿನದೇ ಕಾಯಿಲೆಯಾದ ಪಾರ್ಕಿನ್ಸನ್ ಅವರನ್ನು ಹಿಡಿಯಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ಹೋದರು.

ಮೊನ್ನೆ ನಾವು ಚಿತ್ತವಾಡ್ಗಿಗೆ ಮತ್ತೆ ಹೋಗಿ ಆ ತಾಯಿಗೆ ನೆರಳಿನ ಕಥೆ ಹೇಳಿದೆವು. ಎರಡನೇ ಪ್ರಶ್ನೆಗೆ ತಿಳಿದಷ್ಟು ಹೇಳಿದೆವು. ಸಿಟಿ ಸ್ಕ್ಯಾನ್ ರಕ್ತಸ್ರಾವ, ಗಡ್ಡೆಯಂಥದ್ದನ್ನು ತೋರಿಸುತ್ತೆ, ಆಟಿಸಂ ಅದರಲ್ಲಿ ಕಾಣಲ್ಲ. ಅದನ್ನು ಡಾಕ್ಟರ್‌ಗಳು ಗುರುತಿಸೋದು ಮಗು ಹೇಗೆ ಆಡುತ್ತೆ, ಹೇಗೆ ಬೆರೆಯುತ್ತೆ ಅನ್ನೋದನ್ನು ನೋಡಿ. ಎಂಆರ್‌ಐ ಇಟ್ಟುಕೊಂಡು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ಹಂಗಾದ್ರೆ ನಾರ್ಮಲ್ ಅಂದ್ರೆ ನನ್ನ ಮಗ ಬೇಕಂತ ಸುಮ್ಮನಿದ್ದಾನೆ ಅಂತಲ್ಲ ಅಲ್ವಾ, ಅಂತ ಅವರು ಕೇಳಿದರು. ಅಲ್ಲ ಅಂದೆವು. ಅಷ್ಟು ಹೇಳೋಕಾದರೂ ಈ ಸಲ ನಮಗೆ ಬಾಯಿ ಬಂತು.