ಪದಗಳಿಗೆ ಅರ್ಥವನ್ನರಸಿದ ಕಿಟೆಲ್ ಮಹಾಶಯರು

ಇಂಗ್ಲಿಷಿನ ಉದ್ದುದ್ದ ಪದಗಳನ್ನು ಹುಡುಕಿ ತಂದು, ಒಬ್ಬರೊಬ್ಬರಿಗೆ ಅರ್ಥ ಕೇಳಿ ಆಡುವುದು ಶಾಲೆಯ ಹುಡುಗಿಯರಿಗೆ ಪ್ರಿಯವಾದ ಆಟವೆಂದು ನಾವೆಲ್ಲರೂ ಬಲ್ಲೆವು. ಸೆಸ್ಕ್ವಿಪಿಡೇಲಿಯನ್ ಎಂಬುದು ಅಂಥ ಒಂದು ಪದ. ಒಂದೂವರೆ ಅಡಿ ಉದ್ದವುಳ್ಳದ್ದೆಂಬುದು ಅದರ ಮೂಲಾರ್ಥ. ಆಂಟಿಡಿಸೆಸ್ಟ್ಯಾಬ್ಲಿಷ್‌ಮೆಂಟೇರಿಯನಿಸಂ ಎಂಬುದಕ್ಕಾದರೋ ಇಂಗ್ಲಿಷಿನಲ್ಲಿ 28 ಅಕ್ಷರಗಳು. ರಾಜ್ಯವು ಸಭೆಗೆ ಕೊಟ್ಟ ಅಧಿಕೃತ ಸ್ಥಾನವನ್ನು ಹಿಂತೆಗೆಯಬಾರದೆಂಬ ವಾದವೇ ಅದರ ಅರ್ಥ. ಪದವನ್ನು ಬಾಯಿಪಾಠ ಮಾಡುವುದು ಸುಲಭ, ಅರ್ಥವನ್ನು ಹಿಡಿಯುವುದು ಕಷ್ಟ. ಆ ಕಷ್ಟಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಒಪ್ಪಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡಲಪೇಕ್ಷಿಸುತ್ತೇವೆ.

ರೆವರೆಂಡ್ ಫರ್ಡಿನೆಂಡ್ ಕಿಟೆಲ್‌ರವರು 1832ನೆಯ ಏಪ್ರಿಲ್ 7ರಂದು ಜರ್ಮನಿಯ ಉತ್ತರಭಾಗದಲ್ಲಿ ಜನಿಸಿದರು. ಬಾಸೆಲ್ ಮಿಶನ್ನಿನ ಸೇವಕರಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ವಾಸಿಸಿದರು. ಪರಭಾಷೆಯನ್ನು ವ್ಯವಹಾರಕ್ಕೆ ಬೇಕಾದಷ್ಟೇ ಕಲಿತು ತೃಪ್ತರಾಗುವ ಸ್ವಭಾವ ಅವರದಲ್ಲ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದರು. ಆಮೇಲೆ ಹಳಗನ್ನಡದ ಓಲೆಗರಿಗಳನ್ನು ಓದಿ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚು ಹಾಕಿಸಿದರು.

ಇವೆಲ್ಲವೂ ಒಂದು ಮಹಾಕಾರ್ಯಕ್ಕೆ ಪೀಠಿಕೆಯಂತಿದ್ದವು. ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ನಿಘಂಟನ್ನು ರಚಿಸಲು ಅವರು ಅನೇಕ ವರ್ಷಗಳ ಕಾಲ ದುಡಿದರು. ಮಧ್ಯದಲ್ಲಿ ಸ್ವದೇಶಕ್ಕೆ ಹೋಗಿದ್ದರೂ, ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಮತ್ತೆ ಇಲ್ಲಿಗೆ ಬಂದರು. ಕಾವ್ಯ ಶಾಸ್ತ್ರಗಳ ಪದಗಳೊಡನೆ ಜನರ ಬಾಯಿಮಾತನ್ನೂ ಗಾದೆಗಳನ್ನೂ ಅವರು ಸಂಗ್ರಹಿಸಿದರು. ಕನ್ನಡ ಪದಕ್ಕೆ ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿರುವ ನಂಟರನ್ನೂ ತೋರಿಸಿಕೊಟ್ಟರು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಈ ಗ್ರಂಥದಲ್ಲಿ ಸುಮಾರು 70,000 ಪದಗಳಿವೆ. ಪಂಡಿತನ ಸಮಾಸಪದಕ್ಕೂ ಒಕ್ಕಲಿಗನ ಎರಡಕ್ಷರದ ಮಾತಿಗೂ ಅದರಲ್ಲಿ ಸ್ಥಾನವಿದೆ.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅವರ ಕನ್ನಡ ವ್ಯಾಕರಣವು 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿಯೇ ದೈವಾಧೀನರಾದರು. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಲು, ಮದರಾಸು ವಿಶ್ವವಿದ್ಯಾನಿಲಯವು ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ನಮ್ಮ ಬೇಲೂರು ಸೀಮೆಯ ಹಲ್ಮಿಡಿಯಲ್ಲಿ ದೊರೆತ ಪುರಾತನ ಕನ್ನಡ ಶಾಸನವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅದು ಬೆಳಕಿಗೆ ಬಂದದ್ದು 1936ರಲ್ಲಿ. ಆದರೆ ಗೆಂಡೆಹಳ್ಳಿಯ ಸುತ್ತಿನ ಹೊಲಗದ್ದೆಗಳಲ್ಲಿ ಹುಡುಕಬೇಕಾದ ಪದಗಳು ನಮಗೆ ಇನ್ನೂ ಬೇಕಾದಷ್ಟಿವೆ. ಮೇಟಿಯೆಂದರೇನು, ಕೂರಿಗೆಯೆಂದರೇನು ಎಂದು ಕೇಳಿದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಉತ್ತರ ಕೊಟ್ಟಾರು? ಮೇಟಿಯು ಕಣದ ನಡುವೆ ನೆಟ್ಟ ಕಂಬ, ಕೂರಿಗೆಯು ಬಿತ್ತುವ ಸಾಧನ. ಇಂಗ್ಲಿಷಿನ ದೀರ್ಘ ಪದಗಳ ಆಟವನ್ನು ಹುಡುಗಿಯರು ಸಂತೋಷದಿಂದ ಆಡಲಿ. ಅದರೊಡನೆ ಅಜ್ಜಿಯಿಂದ ಕೇಳಿದ ಒಂದು ಕನ್ನಡ ಪದವನ್ನೂ ಅರ್ಥಸಹಿತವಾಗಿ ಪ್ರತಿ ವಾರ ಬರೆದಿಡಲಿ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಇದಕ್ಕೆ ನೆರವಾಗಬೇಕೆಂದು ಬೇಡಿಕೊಳ್ಳುತ್ತೇವೆ.