ಥಾಮಸ್ ಹೆನ್ರಿ ಹಕ್ಸ್‌ಲಿ

ಥಾಮಸ್ ಹೆನ್ರಿ ಹಕ್ಸ್‌ಲಿ (4 ಮೇ 1825 – 29 ಜೂನ್ 1895) ಇಂಗ್ಲೆಂಡಿನ ಜೀವವಿಜ್ಞಾನಿ, ತೌಲನಿಕ ಅಂಗರಚನಾಶಾಸ್ತ್ರಜ್ಞ ಮತ್ತು ಶಿಕ್ಷಣ ಸುಧಾರಕ. ಚಾರ್ಲ್ಸ್ ಡಾರ್ವಿನ್ ಮಂಡಿಸಿದ ಜೀವವಿಕಾಸ ಸಿದ್ಧಾಂತವನ್ನು ಸಾರ್ವಜನಿಕ ವೇದಿಕೆಗಳಲ್ಲಿ ಸಮರ್ಥಿಸಿದ ಕಾರಣ ಈತನಿಗೆ ಡಾರ್ವಿನ್ನನ ಬುಲ್‌ಡಾಗ್ ಎಂಬ ಅಡ್ಡಹೆಸರು ಬಂದಿದೆ. ಈ ಹೆಸರಿನಿಂದಾಗಿ ಹಕ್ಸ್‌ಲಿ ಒಬ್ಬ ವಾದಪಟು ಎಂಬ ಭಾವನೆಯೇ ಜನಮನದಲ್ಲಿ ಉಳಿದಿದೆ. ವಾಸ್ತವವಾಗಿ ಈತ ಡಾರ್ವಿನ್ನನ ಎಲ್ಲ ನಿರ್ಣಯಗಳನ್ನೂ ಒಪ್ಪಿರಲಿಲ್ಲ. ಪ್ರತಿಯೊಂದು ಹೇಳಿಕೆಗೂ ಅದಕ್ಕಿರುವ ಸಾಕ್ಷ್ಯದ ಪ್ರಮಾಣದಷ್ಟೇ ಮನ್ನಣೆ ಸಲ್ಲಬೇಕೆಂಬುದು ಈತನ ನಿಲುವು. ಧರ್ಮಗ್ರಂಥದ ಸೃಷ್ಟಿಕಥನಕ್ಕೆ ಹಿಡಿದ ಅಳತೆಗೋಲನ್ನೇ ಈತ ತನ್ನ ಮಿತ್ರರ ಸಿದ್ಧಾಂತಗಳಿಗೂ ತನ್ನ ಸ್ವಂತ ಸಂಶೋಧನೆಗಳಿಗೂ ಹಿಡಿದ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಕ್ಸ್‌ಲಿ ಜನಿಸಿದ್ದು ಲಂಡನ್ನಿನ ಪಶ್ಚಿಮದಲ್ಲಿರುವ ಈಲಿಂಗ್‌ನಲ್ಲಿ. ತಂದೆ ಜಾರ್ಜ್ ಹಕ್ಸ್‌ಲಿ ಅಲ್ಲಿನ ಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿದ್ದ. ಆ ಶಾಲೆ ಮುಚ್ಚಿದಾಗ ಕುಟುಂಬ ಕಷ್ಟಕ್ಕೆ ಸಿಲುಕಿ ಕವೆಂಟ್ರಿಗೆ ವಲಸೆ ಹೋಯಿತು. ಬಾಲಕ ಹಕ್ಸ್‌ಲಿಗೆ ದೊರೆತ ಶಾಲಾಶಿಕ್ಷಣ ಎರಡು ವರ್ಷಗಳಷ್ಟು ಮಾತ್ರ. ಹತ್ತನೆಯ ವಯಸ್ಸಿಗೆ ಅದೂ ನಿಂತುಹೋಯಿತು. ಮುಂದಿನದೆಲ್ಲ ಸ್ವಾಧ್ಯಾಯ. ಜರ್ಮನ್ ಭಾಷೆಯನ್ನು ತಾನಾಗಿಯೇ ಕಲಿತು ಆ ಭಾಷೆಯ ವಿಜ್ಞಾನ ಗ್ರಂಥಗಳನ್ನು ಓದಿದ. ವೈದ್ಯರ ಬಳಿ ಸಹಾಯಕನಾಗಿ ದುಡಿದ ಬಳಿಕ 1842ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿದ. ಕೂದಲಿನ ಬುಡವನ್ನು ಸುತ್ತುವರಿದ ಒಳಪೊರೆಯಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಪದರವೊಂದನ್ನು 1845ರಲ್ಲಿ ಕಂಡುಹಿಡಿದ. ಅದು ಇಂದಿಗೂ ಹಕ್ಸ್‌ಲಿ ಪದರ ಎಂದೇ ಪ್ರಸಿದ್ಧವಾಗಿದೆ.

ಸಮುದ್ರಯಾನ

1846ರಲ್ಲಿ ಹಕ್ಸ್‌ಲಿ ಬ್ರಿಟಿಷ್ ನೌಕಾದಳದ ರಾಟಲ್‌ಸ್ನೇಕ್ ಹಡಗಿನಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ಆಸ್ಟ್ರೇಲಿಯ ಮತ್ತು ನ್ಯೂಗಿನಿ ಕಡೆಗೆ ಹೊರಟ. ನಾಲ್ಕು ವರ್ಷಗಳ ಈ ಯಾನದಲ್ಲಿ ಸಮುದ್ರದ ಮೃದುಜೀವಿಗಳನ್ನು ಹಿಡಿದು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ. ಅಂಬಲಿಮೀನುಗಳ ದೇಹ ಎರಡು ಪೊರೆಗಳಿಂದ ಆಗಿದೆಯೆಂದು ತೋರಿಸಿ, ಅವುಗಳನ್ನು ಬೆನ್ನೆಲುಬುಳ್ಳ ಪ್ರಾಣಿಗಳ ಭ್ರೂಣದಲ್ಲಿ ಮೊದಲು ಕಾಣಿಸಿಕೊಳ್ಳುವ ಎರಡು ಪದರಗಳಿಗೆ ಹೋಲಿಸಿದ. ಈ ಪ್ರಬಂಧದ ಬಲದಿಂದ 1851ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಮರುವರ್ಷ ಅದರ ರಾಯಲ್ ಪದಕವೂ ದೊರೆತವು. 1854ರಲ್ಲಿ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಅಧ್ಯಾಪಕನಾದ. ಸಿಡ್ನಿಯಲ್ಲಿ ಪರಿಚಯವಾಗಿದ್ದ ಹೆನ್ರಿಯೆಟ ಹೀಥಾರ್ನ್‌ಳನ್ನು 1855ರಲ್ಲಿ ವಿವಾಹವಾದ.

ಜೀವವಿಕಾಸದ ಸ್ವೀಕಾರ

ಒಂದು ಪ್ರಭೇದ ಮತ್ತೊಂದಾಗಿ ಮಾರ್ಪಡುತ್ತದೆ ಎಂಬ ಹಿಂದಿನ ವಾದಗಳನ್ನು ಹಕ್ಸ್‌ಲಿ ಸಾಕ್ಷ್ಯ ಸಾಲದೆಂದು ತಿರಸ್ಕರಿಸಿದ್ದ. 1859ರ ನವೆಂಬರ್‌ನಲ್ಲಿ ಡಾರ್ವಿನ್ನನ ಪ್ರಭೇದಗಳ ಉಗಮ ಗ್ರಂಥ ಪ್ರಕಟವಾದಾಗ ಈತನ ಅಭಿಪ್ರಾಯ ಬದಲಾಯಿತು. ಟೈಮ್ಸ್ ಪತ್ರಿಕೆಯಲ್ಲಿ ಆ ಗ್ರಂಥದ ಅನುಕೂಲಕರ ವಿಮರ್ಶೆ ಬರೆದ.

ಆದರೂ ಎರಡು ವಿಷಯಗಳಲ್ಲಿ ಹಕ್ಸ್‌ಲಿಗೆ ಸಂದೇಹವಿತ್ತು. ಪ್ರಕೃತಿಯಲ್ಲಿ ಬದಲಾವಣೆ ಯಾವಾಗಲೂ ಅತಿ ಸಣ್ಣ ಹೆಜ್ಜೆಗಳಲ್ಲೇ ನಡೆಯುತ್ತದೆಂದು ಡಾರ್ವಿನ್ ಹೇಳುವ ಅಗತ್ಯವಿರಲಿಲ್ಲ ಎಂಬುದು ಮೊದಲನೆಯದು. ಎರಡನೆಯದು ನಿಸರ್ಗದ ಆಯ್ಕೆಯನ್ನು ಕುರಿತದ್ದು. ಮನುಷ್ಯ ಪಾರಿವಾಳಗಳಲ್ಲಿ ಆಯ್ದು ಬೆಳೆಸಿದ ತಳಿಗಳು ನೋಟದಲ್ಲಿ ಎಷ್ಟೇ ಭಿನ್ನವಾಗಿದ್ದರೂ ಪರಸ್ಪರ ಕೂಡಿ ಸಂತಾನ ಪಡೆಯಬಲ್ಲವು. ಭಿನ್ನ ಪ್ರಭೇದಗಳು ಕೂಡಿದಾಗ ಹುಟ್ಟುವ ಮರಿಗಳಾದರೋ ಸಾಮಾನ್ಯವಾಗಿ ಬಂಜೆಯಾಗಿರುತ್ತವೆ. ಆಯ್ಕೆಯಿಂದ ಇಂಥ ಬಂಜೆತನ ಉಂಟಾಗುತ್ತದೆಂದು ಪ್ರಯೋಗ ತೋರಿಸುವವರೆಗೆ ನಿಸರ್ಗದ ಆಯ್ಕೆ ಒಂದು ಉತ್ತಮ ಊಹೆ ಮಾತ್ರ ಎಂದು ಹಕ್ಸ್‌ಲಿ ಪರಿಗಣಿಸಿದ. ಹೀಗೆ, ಜೀವವಿಕಾಸ ನಡೆದಿದೆ ಎಂಬ ಸಂಗತಿಯನ್ನೂ ಅದು ಹೇಗೆ ನಡೆಯಿತೆಂಬ ವಿವರಣೆಯನ್ನೂ ಈತ ಬೇರೆ ಬೇರೆಯಾಗಿ ತೂಗಿ ನೋಡಿದ.

ಆಕ್ಸ್‌ಫರ್ಡ್ ಸಭೆ

1860ರ ಜೂನ್ 30ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಬ್ರಿಟಿಷ್ ವಿಜ್ಞಾನ ಪ್ರಗತಿ ಸಂಘದ ಸಭೆ ನಡೆಯಿತು. ಆಕ್ಸ್‌ಫರ್ಡಿನ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಡಾರ್ವಿನ್ನನ ಸಿದ್ಧಾಂತವನ್ನು ಖಂಡಿಸಿದ. ಈಜಿಪ್ಟಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಕೆಡದಂತೆ ಇಟ್ಟ ಪ್ರಾಣಿಗಳು ಇಂದಿನವುಗಳಂತೆಯೇ ಇವೆ ಎಂಬುದು ಆತನ ಆಕ್ಷೇಪಗಳಲ್ಲೊಂದು. ಹಕ್ಸ್‌ಲಿ ವಾನರ ಸಂತತಿಯವನಾಗಿರುವುದು ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ ಎಂದು ಆತ ಹಾಸ್ಯ ಮಾಡಿದನೆಂದೂ, ತನ್ನ ಬುದ್ಧಿಶಕ್ತಿಯನ್ನು ಸತ್ಯವನ್ನು ಮರೆಮಾಡಲು ಬಳಸುವ ಮನುಷ್ಯನಿಗಿಂತ ವಾನರನೇ ಪೂರ್ವಜನಾಗಿರುವುದು ಮೇಲೆಂಬ ಅರ್ಥದಲ್ಲಿ ಹಕ್ಸ್‌ಲಿ ಉತ್ತರಿಸಿದನೆಂದೂ ಪ್ರಸಿದ್ಧಿಯಿದೆ.

ಈ ಮಾತುಗಳನ್ನು ಆ ದಿನ ಯಾರೂ ಅಕ್ಷರಶಃ ಬರೆದಿಟ್ಟುಕೊಳ್ಳಲಿಲ್ಲ. ಇಂದು ಪ್ರಚಲಿತವಾಗಿರುವ ಕಥೆ ಬಹುಮಟ್ಟಿಗೆ ಪತ್ರಗಳಿಂದಲೂ ನಂತರದ ನೆನಪುಗಳಿಂದಲೂ ರೂಪುಗೊಂಡದ್ದು. ಹಕ್ಸ್‌ಲಿಯ ಧ್ವನಿ ಸಭಾಂಗಣಕ್ಕೆಲ್ಲ ಕೇಳಿಸಲಿಲ್ಲವೆಂದು ಅಂದು ತಾನೂ ಮಾತನಾಡಿದ್ದ ಸಸ್ಯವಿಜ್ಞಾನಿ ಜೋಸೆಫ್ ಹುಕರ್, ಅನಾರೋಗ್ಯದಿಂದ ಸಭೆಗೆ ಬಾರದಿದ್ದ ಡಾರ್ವಿನ್ನನಿಗೆ ತಿಳಿಸಿದ. ಜೀವವಿಕಾಸದ ಪ್ರಶ್ನೆ ಆ ಸಭೆಯಲ್ಲಿ ಇತ್ಯರ್ಥವಾಗಲಿಲ್ಲ; ಅದಕ್ಕೆ ಬೇಕಾಗಿದ್ದ ಪುರಾವೆಗಳು ಮುಂದಿನ ವರ್ಷಗಳಲ್ಲಿ ಒದಗಿದವು.

ಪುತ್ರಶೋಕ

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಕ್ಸ್‌ಲಿಯ ಹಿರಿಯ ಮಗ, ಇನ್ನೂ ನಾಲ್ಕು ತುಂಬದಿದ್ದ ನೋಯೆಲ್, ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಸಾಂತ್ವನದ ಪತ್ರ ಬರೆದ. ಹಕ್ಸ್‌ಲಿ ಕೃತಜ್ಞತೆಯಿಂದಲೇ ದೀರ್ಘ ಉತ್ತರ ಕಳುಹಿಸಿದ. ಆತ್ಮದ ಅಮರತ್ವವನ್ನು ತಾನು ಅಲ್ಲಗಳೆಯುವುದೂ ಇಲ್ಲ, ದುಃಖಕ್ಕೆ ಸಮಾಧಾನ ಸಿಗುತ್ತದೆಂಬ ಕಾರಣಕ್ಕೆ ಒಪ್ಪುವುದೂ ಇಲ್ಲ ಎಂಬುದು ಅದರ ತಾತ್ಪರ್ಯ. 1869ರಲ್ಲಿ ಈ ನಿಲುವಿಗೆ ಈತ ಅಜ್ಞೇಯತಾವಾದಿ ಎಂಬ ಅರ್ಥದ ಆಗ್ನಾಸ್ಟಿಕ್ ಎಂಬ ಹೊಸ ಪದವನ್ನು ಟಂಕಿಸಿದ. ದೇವರಿಲ್ಲವೆಂದು ಸಾರುವ ನಾಸ್ತಿಕತೆಯಿಂದ ಇದು ಭಿನ್ನವಾದುದು.

ಮಾನವನ ಸ್ಥಾನ

ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವೆನ್, ಮೆದುಳಿನ ಕೆಲವು ಭಾಗಗಳು ಮನುಷ್ಯನಲ್ಲಿ ಮಾತ್ರ ಇವೆಯೆಂದು 1857ರಲ್ಲಿ ಪ್ರತಿಪಾದಿಸಿ, ಮನುಷ್ಯನನ್ನು ಉಳಿದೆಲ್ಲ ಸ್ತನಿಗಳಿಂದ ಪ್ರತ್ಯೇಕವಾದ ಉಪವರ್ಗದಲ್ಲಿ ಇರಿಸಿದ್ದ. ಹಿಪೊಕ್ಯಾಂಪಸ್ ಮೈನರ್ ಎಂಬ ಸಣ್ಣ ಉಬ್ಬು ಇವುಗಳಲ್ಲಿ ಮುಖ್ಯವಾದುದು. ವಾನರಗಳ ಮೆದುಳಿನಲ್ಲೂ ಈ ಭಾಗಗಳಿವೆಯೆಂದು ಹಕ್ಸ್‌ಲಿ ತೋರಿಸಿದ. ಇತರರು ನಡೆಸಿದ ಅಂಗಚ್ಛೇದನಗಳೂ ಇದನ್ನು ದೃಢಪಡಿಸಿದವು.

1863ರಲ್ಲಿ ಪ್ರಕಟವಾದ ಪ್ರಕೃತಿಯಲ್ಲಿ ಮಾನವನ ಸ್ಥಾನವನ್ನು ಕುರಿತ ಗ್ರಂಥದಲ್ಲಿ ಹಕ್ಸ್‌ಲಿ ತಲೆಬುರುಡೆ, ಹಲ್ಲು, ಕೈಕಾಲು, ಮೆದುಳುಗಳನ್ನು ಒಂದೊಂದಾಗಿ ಹೋಲಿಸಿದ. ಮನುಷ್ಯನಿಗೂ ಗೊರಿಲ್ಲಕ್ಕೂ ಇರುವ ರಚನೆಯ ಅಂತರ, ಗೊರಿಲ್ಲಕ್ಕೂ ಕೆಳಸ್ತರದ ಕೋತಿಗಳಿಗೂ ಇರುವ ಅಂತರಕ್ಕಿಂತ ಕಡಿಮೆ ಎಂಬುದು ಈ ಹೋಲಿಕೆಯ ಫಲಿತಾಂಶ. 1856ರಲ್ಲಿ ಜರ್ಮನಿಯಲ್ಲಿ ದೊರೆತ ನಿಯಾಂಡರ್ತಾಲ್ ತಲೆಬುರುಡೆಯನ್ನೂ ಈತ ಪರಿಶೀಲಿಸಿದ. ಅದನ್ನು ಮಾನವ ಮತ್ತು ವಾನರಗಳ ನಡುವಿನ ಕೊಂಡಿಯೆಂದು ಸಾರಿದ್ದರೆ ವಾದಕ್ಕೆ ಅನುಕೂಲವಾಗುತ್ತಿತ್ತು. ಹಕ್ಸ್‌ಲಿ ಹಾಗೆ ಮಾಡದೆ, ಅದು ಮನುಷ್ಯನದೇ ತಲೆಬುರುಡೆ ಎಂದು ನಿರ್ಣಯಿಸಿದ.

ನ್ಯೂಯಾರ್ಕ್ ಉಪನ್ಯಾಸಗಳು

1876ರ ಸೆಪ್ಟೆಂಬರ್‌ನಲ್ಲಿ ಹಕ್ಸ್‌ಲಿ ನ್ಯೂಯಾರ್ಕಿನಲ್ಲಿ ಮೂರು ಉಪನ್ಯಾಸಗಳನ್ನು ನೀಡಿದ. ಭೂಮಿಯ ಗತಕಾಲದ ಬಗ್ಗೆ ಮೂರು ಊಹೆಗಳಿವೆಯೆಂದು ಮೊದಲ ಉಪನ್ಯಾಸದಲ್ಲಿ ವಿವರಿಸಿದ: ಜಗತ್ತು ಸದಾ ಹೀಗೆಯೇ ಇತ್ತು ಎಂಬುದು, ಆರು ದಿನಗಳಲ್ಲಿ ಸೃಷ್ಟಿಯಾಯಿತು ಎಂಬುದು, ಕ್ರಮೇಣ ವಿಕಾಸಗೊಂಡಿತು ಎಂಬುದು. ಎರಡನೆಯದಕ್ಕೆ ಬೈಬಲಿನ ಹೆಸರಿಡದೆ ಕವಿ ಮಿಲ್ಟನ್ನನ ಹೆಸರಿಟ್ಟ. ಆದಿಕಾಂಡದ ಮಾತುಗಳಿಗೆ ಪಂಡಿತರೇ ಬೇರೆ ಬೇರೆ ಅರ್ಥ ಹೇಳುತ್ತಿದ್ದುದು ಇದಕ್ಕೆ ಕಾರಣ.

ಅನಂತರ ಜೀವವಿಕಾಸದ ಸಾಕ್ಷ್ಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ದೀರ್ಘಕಾಲ ಹೆಚ್ಚು ಬದಲಾಗದೆ ಉಳಿದ ಜೀವಿಗಳು ತಟಸ್ಥ ಸಾಕ್ಷ್ಯ. ಈಜಿಪ್ಟಿನ ಪ್ರಾಣಿಗಳೂ ಅಷ್ಟೆ, ಅವು ಸಿದ್ಧಾಂತವನ್ನು ಸಾಧಿಸುವುದೂ ಇಲ್ಲ, ಮುರಿಯುವುದೂ ಇಲ್ಲ. ಎರಡು ಗುಂಪುಗಳ ಲಕ್ಷಣಗಳು ಕೂಡಿರುವ ಪಳೆಯುಳಿಕೆಗಳು ಅನುಕೂಲ ಸಾಕ್ಷ್ಯ. ಜರ್ಮನಿಯ ಸುಣ್ಣಕಲ್ಲಿನಲ್ಲಿ 1861ರಲ್ಲಿ ಸಿಕ್ಕಿದ ಆರ್ಕಿಯಾಪ್ಟೆರಿಕ್ಸ್‌ಗೆ ಹಕ್ಕಿಯ ಗರಿಗಳಿದ್ದವು, ಸರೀಸೃಪದಂಥ ಉದ್ದನೆಯ ಬಾಲದ ಮೂಳೆಗಳೂ ಇದ್ದವು. ಹಕ್ಕಿಗಳು ಡೈನೊಸಾರ್‌ಗಳಿಗೆ ನಿಕಟ ಸಂಬಂಧಿಗಳೆಂದು ಹಕ್ಸ್‌ಲಿ 1868ರಿಂದಲೇ ವಾದಿಸುತ್ತಿದ್ದ.

ಮೂರನೆಯದು ನಿರ್ಣಾಯಕ ಸಾಕ್ಷ್ಯ: ಒಂದೇ ವಂಶದ ರೂಪಗಳು ಶಿಲಾಸ್ತರಗಳಲ್ಲಿ ಕಾಲಾನುಕ್ರಮವಾಗಿ ದೊರೆಯುವುದು. ಇದಕ್ಕೆ ಕುದುರೆ ನಿದರ್ಶನವಾಯಿತು. ಹಕ್ಸ್‌ಲಿ ಹಿಂದೆ ಯೂರೋಪಿನ ಪಳೆಯುಳಿಕೆಗಳಿಂದ ಕುದುರೆಯ ವಂಶಾವಳಿಯನ್ನು ಜೋಡಿಸಿದ್ದ. ಯೇಲ್ ವಿಶ್ವವಿದ್ಯಾಲಯದಲ್ಲಿ ಆತ್ನಿಯೆಲ್ ಮಾರ್ಷ್ ಸಂಗ್ರಹಿಸಿದ್ದ ಮೂಳೆಗಳನ್ನು ನೋಡಿದ ಮೇಲೆ ಅದನ್ನು ಕೈಬಿಟ್ಟು, ಕುದುರೆಯ ಮೂಲ ಅಮೆರಿಕವೆಂದು ಒಪ್ಪಿ ತನ್ನ ಉಪನ್ಯಾಸವನ್ನು ತಿದ್ದಿಕೊಂಡ. ಇಂದಿನ ಕುದುರೆಯ ಕಾಲಿಗೆ ಒಂದೇ ಬೆರಳು. ಹಳೆಯ ಸ್ತರಗಳಲ್ಲಿ ಮೂರು ಬೆರಳಿನ ರೂಪಗಳು, ಇನ್ನೂ ಹಳೆಯ ಸ್ತರದಲ್ಲಿ ಮುಂಗಾಲಿಗೆ ನಾಲ್ಕು ಬೆರಳಿದ್ದ ರೂಪ ದೊರೆತಿದ್ದವು. ಅದಕ್ಕೂ ಹಿಂದಿನ ಪದರಗಳಲ್ಲಿ ಬೆರಳುಗಳು ಇನ್ನಷ್ಟು ಪೂರ್ಣವಾಗಿರುವ ಪ್ರಾಣಿ ಸಿಗಬೇಕೆಂದು ಹಕ್ಸ್‌ಲಿ ಊಹಿಸಿದ. ಕೆಲವೇ ಸಮಯದಲ್ಲಿ ಮಾರ್ಷ್ ಅಂಥ ಪ್ರಾಣಿಯನ್ನು ವಿವರಿಸಿ ಇಯೊಹಿಪಸ್ ಎಂದು ಹೆಸರಿಸಿದ. ಕುದುರೆಯ ವಿಕಾಸ ನೇರ ಸಾಲಿನಂತಿರದೆ ಅನೇಕ ಕವಲುಗಳುಳ್ಳ ಪೊದೆಯಂತಿತ್ತೆಂದು ನಂತರದ ಸಂಶೋಧನೆಗಳು ತೋರಿಸಿವೆ.

ಬ್ಯಾಥಿಬಿಯಸ್ ಪ್ರಕರಣ

1868ರಲ್ಲಿ ಅಟ್ಲಾಂಟಿಕ್ ಸಾಗರತಳದ ಕೆಸರಿನ ಮಾದರಿಗಳಲ್ಲಿ ಲೋಳೆಯಂಥ ವಸ್ತುವನ್ನು ಕಂಡ ಹಕ್ಸ್‌ಲಿ, ಅದು ಅತ್ಯಂತ ಸರಳವಾದ ಜೀವಿಯೆಂದು ಭಾವಿಸಿ ಬ್ಯಾಥಿಬಿಯಸ್ ಎಂದು ಹೆಸರಿಟ್ಟ. ನಿರ್ಜೀವದಿಂದ ಜೀವಕ್ಕೆ ದಾರಿ ಸಿಕ್ಕಿತೆಂದು ವಿಕಾಸವಾದಿಗಳಲ್ಲಿ ಕೆಲವರು ಸಂಭ್ರಮಿಸಿದರು. ಆದರೆ ಚಾಲೆಂಜರ್ ಹಡಗಿನ ಸಂಶೋಧಕರಿಗೆ ಹೊಸ ಕೆಸರಿನಲ್ಲಿ ಅದು ಕಾಣಿಸಲಿಲ್ಲ. ಮಾದರಿ ಕೆಡದಿರಲೆಂದು ಬೆರೆಸುತ್ತಿದ್ದ ಮದ್ಯಸಾರದಿಂದ ಸಮುದ್ರದ ನೀರಿನ ಕ್ಯಾಲ್ಸಿಯಂ ಸಲ್ಫೇಟ್ ಗರಣೆಗಟ್ಟಿ ಆ ಲೋಳೆ ಉಂಟಾಗುತ್ತಿತ್ತು. ಈ ವಿಷಯ ತಿಳಿದ ಕೂಡಲೇ, 1875ರಲ್ಲಿ, ಹಕ್ಸ್‌ಲಿ ನೇಚರ್ ಪತ್ರಿಕೆಯಲ್ಲಿ ತನ್ನ ತಪ್ಪನ್ನು ಪ್ರಕಟಿಸಿದ.

ಶಿಕ್ಷಣ ಮತ್ತು ಧರ್ಮ

ಹಕ್ಸ್‌ಲಿ ದುಡಿಯುವ ಜನರಿಗಾಗಿ ಅನೇಕ ಉಪನ್ಯಾಸಗಳನ್ನು ಮಾಡಿದ. 1868ರಲ್ಲಿ ನಾರ್ವಿಚ್ ನಗರದ ಕಾರ್ಮಿಕರಿಗೆ ಸೀಮೆಸುಣ್ಣದ ತುಂಡೊಂದನ್ನೇ ವಿಷಯವಾಗಿಸಿಕೊಂಡು, ಅದು ಸೂಕ್ಷ್ಮ ಸಮುದ್ರಜೀವಿಗಳ ಚಿಪ್ಪುಗಳಿಂದ ಆದದ್ದೆಂದೂ, ಅಷ್ಟು ದಪ್ಪನೆಯ ಸ್ತರ ಶೇಖರವಾಗಲು ಅಪಾರ ಕಾಲ ಹಿಡಿದಿರಬೇಕೆಂದೂ ವಿವರಿಸಿದ. 1870ರಲ್ಲಿ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾದಾಗ, ಮತಸಿದ್ಧಾಂತದ ಬೋಧನೆಯಿಲ್ಲದೆ ಬೈಬಲ್ ಪಠಣ ಶಾಲೆಗಳಲ್ಲಿ ಇರಬಹುದೆಂದು ಬೆಂಬಲಿಸಿದ. ಅದರ ಸಾಹಿತ್ಯಕ ಮತ್ತು ನೈತಿಕ ಮೌಲ್ಯಗಳನ್ನು ಈತ ಗೌರವಿಸುತ್ತಿದ್ದ. ವಿಜ್ಞಾನದ ಪ್ರಶ್ನೆಗಳಿಗೆ ಅದನ್ನು ಪ್ರಮಾಣವಾಗಿಸುವುದನ್ನು ವಿರೋಧಿಸಿದ.

ಈ ವಿರೋಧ 1885ರಲ್ಲಿ ರಾಜಕಾರಣಿ ವಿಲಿಯಂ ಗ್ಲಾಡ್‌ಸ್ಟನ್‌ನೊಡನೆ ನಡೆದ ವಾದದಲ್ಲಿ ಸ್ಪಷ್ಟವಾಯಿತು. ಜಲಚರ, ಪಕ್ಷಿ, ನೆಲದ ಪ್ರಾಣಿ ಎಂಬ ಆದಿಕಾಂಡದ ಸೃಷ್ಟಿಕ್ರಮವನ್ನು ವಿಜ್ಞಾನವೂ ದೃಢಪಡಿಸಿದೆಯೆಂದು ಗ್ಲಾಡ್‌ಸ್ಟನ್ ಬರೆದ. ಶಿಲಾಸ್ತರಗಳಲ್ಲಿ ನೆಲದ ಪ್ರಾಣಿಗಳು ಪಕ್ಷಿಗಳಿಗಿಂತ ಮೊದಲೇ ಕಾಣಿಸಿಕೊಳ್ಳುತ್ತವೆಂದು ಹಕ್ಸ್‌ಲಿ ಉತ್ತರಿಸಿದ.

ಕೊನೆಯ ದಿನಗಳು ಮತ್ತು ಪ್ರಭಾವ

ಹಕ್ಸ್‌ಲಿ 1883ರಿಂದ 1885ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ನೀಡಿದ ಉಪನ್ಯಾಸದಲ್ಲಿ, ಪ್ರಕೃತಿಯ ಬಾಳಿನ ಹೋರಾಟವನ್ನು ಮನುಷ್ಯನ ನೀತಿಗೆ ಮಾದರಿಯಾಗಿ ತೆಗೆದುಕೊಳ್ಳಬಾರದು, ಸಮಾಜದ ನೈತಿಕ ಪ್ರಗತಿ ಅದನ್ನು ಎದುರಿಸುವುದರಲ್ಲಿದೆ ಎಂದು ಪ್ರತಿಪಾದಿಸಿದ. 1895ರ ಜೂನ್ 29ರಂದು ಈಸ್ಟ್‌ಬರ್ನ್‌ನಲ್ಲಿ ನಿಧನನಾದ.

ಹಕ್ಕಿ ಮತ್ತು ಡೈನೊಸಾರ್‌ಗಳ ಸಂಬಂಧವನ್ನು ಕುರಿತ ಈತನ ವಾದ 20ನೆಯ ಶತಮಾನದಲ್ಲಿ ಬಹುಕಾಲ ಹಿನ್ನೆಲೆಗೆ ಸರಿದಿತ್ತು. 1970ರ ದಶಕದಲ್ಲಿ ಜಾನ್ ಆಸ್ಟ್ರಮ್ ಅದನ್ನು ಪುನರುಜ್ಜೀವಿಸಿದ. 1996ರಿಂದ ಚೀನಾದಲ್ಲಿ ದೊರೆತ ಗರಿಯುಳ್ಳ ಡೈನೊಸಾರ್‌ಗಳ ಪಳೆಯುಳಿಕೆಗಳು ಅದಕ್ಕೆ ಬಲ ನೀಡಿವೆ. ಹಕ್ಸ್‌ಲಿಯ ಮೊಮ್ಮಕ್ಕಳಲ್ಲಿ ಆಲ್ಡಸ್ ಪ್ರಸಿದ್ಧ ಕಾದಂಬರಿಕಾರ. ಆಂಡ್ರ್ಯೂ 1963ರ ನೊಬೆಲ್ ಪ್ರಶಸ್ತಿ ಪುರಸ್ಕೃತ ಶರೀರಕ್ರಿಯಾವಿಜ್ಞಾನಿ. ಮತ್ತೊಬ್ಬ ಮೊಮ್ಮಗ ಜೂಲಿಯನ್ ಹಕ್ಸ್‌ಲಿ ಜೀವವಿಜ್ಞಾನಿಯಾಗಿ, ತಳಿವಿಜ್ಞಾನವನ್ನೂ ನಿಸರ್ಗದ ಆಯ್ಕೆಯನ್ನೂ ಬೆಸೆದ ಆಧುನಿಕ ಸಂಯೋಜನೆಯನ್ನು ವಿವರಿಸುವ ಗ್ರಂಥವನ್ನು 1942ರಲ್ಲಿ ಪ್ರಕಟಿಸಿದ. ಅಜ್ಜ ಸಾಕ್ಷ್ಯ ಸಾಲದೆಂದು ತಡೆಹಿಡಿದಿದ್ದ ಒಪ್ಪಿಗೆಗೆ ಬೇಕಾದ ಆಧಾರಗಳು ಆ ವೇಳೆಗೆ ಒದಗಿಬಂದಿದ್ದವು.